ತಿಮಿಂಗಿಲದ ಬಾಣಂತನ

ಅಲಾಸ್ಕಾದಾಗ ಏನೇನು ನೋಡಿದ್ರಿ ಅಂತ ಎಲ್ಲಾರೂ ಕೇಳ್ಲಿಕ್ಕೆ ಹತ್ತೀರಿ. ಏಳು ದಿನದ ಹಡಗಿನ ಪ್ರವಾಸ, ಪೂರ್ತಿ ಹೇಳಿದ್ರ ಮುಗಿಯೂದಿಲ್ಲ. ಗ್ಲೇಸಿಯರ್ ಬೇ ಅನ್ನೋ ಕೊಲ್ಲಿ ನೋಡಿದ ಒಂದು ದಿನದ್ದಷ್ಟ ಹೇಳ್ತೀನಿ.

ಅಲ್ಲೆ ದಿನಕ್ಕ ಎರಡಕ್ಕಿಂತ ಹೆಚ್ಚು ದೊಡ್ಡ ಹಡಗು ಬಿಡೂದಿಲ್ಲ. ಮುಂಜಾನೆ ನ್ಯಾಷನಲ್ ಪಾರ್ಕಿನ ರೇಂಜರ್‌ಗಳು ಸಣ್ಣ ಬೋಟಿನ್ಯಾಗ ಬಂದು ನಮ್ಮ ಹಡಗು ಹತ್ತಿದ್ರು. ಮೈಕಿನ್ಯಾಗ ದಿನಾಪೂರ್ತಿ ವಿವರಣಾ ಅವರದ. 1794ರಾಗ ಇಂಗ್ಲಿಷ್ ನಾವಿಕರು ಬಂದಾಗ ಈ ಕೊಲ್ಲಿಯೊಳಗ ಬರೇ ಬರ್ಫ ತುಂಬಿತ್ತಂತ. ಆಮ್ಯಾಲೆ ಅದು ಸುಮಾರು 65 ಮೈಲಿ ಹಿಂದ ಸರದದ. ಮಧ್ಯಾಹ್ನದ ತನಕ ನಾವು ನೀರಿನ ಮ್ಯಾಲೆ ಹೋದ ದಾರಿ ಎಲ್ಲಾ ಒಂದು ಕಾಲಕ್ಕ ಬರ್ಫನ!

ದಾರಿಯೊಳಗ ಕಡಲ ನೀರುನಾಯಿ ಅಂಗಾತ ಮಲಕೊಂಡು, ಮರೀನ ಹೊಟ್ಟಿ ಮ್ಯಾಲೆ ಇಟಗೊಂಡು ತೇಲ್ತಿತ್ತು.

ಮಾರ್ಜರಿ ಅನ್ನೋ ಗ್ಲೇಸಿಯರ್ ಮುಂದ ಹಡಗು ನಿಂತ್ತು. ನೀರಿನ ಮ್ಯಾಲೆ ಸುಮಾರು 250 ಅಡಿ ಎತ್ತರ, ಒಂದು ಮೈಲಿ ಅಗಲ. ನೀಲಿ ಹೆಚ್ಚಾದ ಧೋತರದ ಬಣ್ಣ. ಒತ್ತಿ ಒತ್ತಿ ಗಟ್ಟಿಯಾದ ಬರ್ಫ ಕೆಂಪು ಬೆಳಕು ಹೀರ್ಕೋತದ, ಅದಕ್ಕ ಹಂಗ ನೀಲಿ ಕಾಣತದಂತ. ಮನೀಯಷ್ಟು ದೊಡ್ಡ ತುಂಡೊಂದು ಮುರದು ನೀರಿಗೆ ಬಿತ್ತು. ಬಿದ್ದದ್ದು ಮೊದಲ ಕಾಣಿಸ್ತು, ಸಪ್ಪಳ ಆಮ್ಯಾಲೆ ಬಂತು, ಥೇಟ ಗುಡುಗು. ಅಲ್ಲಿಯ ಮೂಲದ ಟ್ಲಿಂಗಿಟ್ ಜನ ಇದಕ್ಕ ‘ಬಿಳಿ ಗುಡುಗು’ ಅಂತಾರ.

ತಿರುಗಿ ಬರೂ ಮುಂದ ತಿಮಿಂಗಿಲ ಕಂಡ್ತು. ಭುಸ್ ಅಂತ ಉಸಿರು, ಕರೀ ಬೆನ್ನು, ಮಗ್ಗಲಕ್ಕ ಒಂದು ಮರಿ. ಹಂಪ್‌ಬ್ಯಾಕ್ ಅಂತ ಅದರ ಜಾತಿ. ಥಂಡಿಯೊಳಗ ಹವಾಯಿ ಕಡೆ ಬೆಚ್ಚನ ನೀರಿಗೆ ಹೋಗಿ ಹಡೀತಾವಂತ. ಆದ್ರ ಅಲ್ಲೆ ಅವಕ್ಕ ತಿನ್ನಲಿಕ್ಕೆ ಸಿಗೂದಿಲ್ಲ. ತಿಂಗಳಗಟ್ಟಲೆ ತಾಯಿ ಉಪವಾಸ ಇದ್ದು ಮರಿಗೆ ಹಾಲು ಕುಡಿಸಿ, ಸಾವಿರಾರು ಮೈಲಿ ಈಸಿ ಇಲ್ಲಿಗೆ ಬಂದ ಮ್ಯಾಲೆನ ಹೊಟ್ಟಿತುಂಬ ಮೀನ ತಿಂತದ.

ನನ್ನ ಮಗಳು ಎಂಟು ತಿಂಗಳ ಕೂಸಿನ್ನ ಎತ್ತಿಕೊಂಡು ಕೇಳ್ಲಿಕ್ಕೆ ಹತ್ತಿದ್ಲು. ಆಕಿ ಮತ್ತ ನೌಕರಿಗೆ ಹೋಗ್ಲಿಕ್ಕೆ ಸುರು ಮಾಡಿದ್ಲು. ಕೂಸಿಗೆ ಉಣಿಸಿ, ತಾ ನಿಂತಲ್ಲೇ ಎರಡು ತುತ್ತು ತಿನ್ನಾಕಿ. ನಾ ಊರಿಗೆ ಹೊಂಡಲಿಕ್ಕೆ ಹತ್ತು ದಿನ ಉಳದಿದ್ವು.

“ಅಮ್ಮಾ, ಇದರ ಬಾಣಂತನ ಯಾರು ಮಾಡ್ಯಾರ?” ಅಂದ್ಲು. ನಗತಾನ ಕೇಳಿದ್ಲು ಖರೆ, ಕಣ್ಣು ತುಂಬಿದ್ವು.

ನಾ ಏನೂ ಅನ್ನಲಿಲ್ಲ. ಕೂಸಿನ್ನ ಇಸಗೊಂಡು ಆಕೀನ ಊಟಕ್ಕ ಕಳಿಸ್ದೆ. ಅಳಿಯಗೂ ಹೇಳ್ದೆ, “ಇನ್ನ ಮ್ಯಾಲೆ ಆಕಿ ಕೂತು ಉಣ್ಣೂ ತನಕ ಕೂಸು ನಿಮ್ಮ ಕಡೆ.” ಅವ್ರು ಹೂಂ ಅಂದ್ರು. ಈಗ ದಿನಾ ಫೋನಿನ್ಯಾಗ ಮೊದಲ ಅದನ್ನ ಕೇಳ್ತೀನಿ.

ನೀವು ಹೋಗೂದಿದ್ರ ಮೇದಿಂದ ಸಪ್ಟೆಂಬರ್ ಒಳಗ ಹೋಗ್ರಿ. ಬ್ಯಾಸಗಿ ಅಂತ ನಂಬಬ್ಯಾಡ್ರಿ, ಸ್ವೆಟರ್, ಕಿವಿಗೆ ಟೊಪಗಿ ಬೇಕ ಬೇಕು.