ಒಲೆ ಆರಿದ ಮೇಲೆ

ಮಹಾಸ್ಫೋಟವಾಗಿ ಒಂದು ಸೆಕೆಂಡು. ನೀವು ನಿಂತಲ್ಲಿ 1,000 ಕೋಟಿ ಡಿಗ್ರಿ ಕಾವು. ಎತ್ತ ತಿರುಗಿದರೂ ಬೆಳಕು, ಆದರೂ ಏನೂ ಕಾಣದು. ಒಂದೊಂದು ಪ್ರೋಟಾನನ್ನೂ ಕೋಟಿಗಟ್ಟಲೆ ಬೆಳಕಿನ ಕಣಗಳು ಮುತ್ತಿಕೊಂಡಿವೆ. ಪಕ್ಕದಲ್ಲೇ ಪ್ರೋಟಾನೂ ನ್ಯೂಟ್ರಾನೂ ಅಂಟಿಕೊಂಡು ಡ್ಯೂಟೀರಿಯಂ ಆಗುತ್ತವೆ. ಮರುಕ್ಷಣವೇ ಬೆಳಕು ಬಡಿದು ಬಿಡಿಸುತ್ತದೆ.

ಮೂರು ನಿಮಿಷ ದಾಟಿತು. ಕಾವು 100 ಕೋಟಿ ಡಿಗ್ರಿಗಿಂತ ಕೆಳಗಿಳಿದಿದೆ. ಏಳು ಪ್ರೋಟಾನಿಗೆ ಒಂದು ನ್ಯೂಟ್ರಾನಷ್ಟೇ ಉಳಿದಿದೆ. ಅಂಟಿದ್ದು ಈಗ ಅಂಟಿಯೇ ಇರುತ್ತದೆ. ಅಡುಗೆ ಸರಸರನೆ ಸಾಗುತ್ತದೆ: ತೂಕದಲ್ಲಿ ಕಾಲು ಭಾಗ ಹೀಲಿಯಂ, ಉಳಿದದ್ದು ಬಹುತೇಕ ಹೈಡ್ರೋಜನ್, ಚಿಟಿಕೆ ಡ್ಯೂಟೀರಿಯಂ, ಚಿಟಿಕೆಗೂ ಸಿಗದಷ್ಟು ಲಿಥಿಯಂ-7. ಇಪ್ಪತ್ತು ನಿಮಿಷಕ್ಕೆ ಒಲೆ ಆರುತ್ತದೆ. ಧನ ವಿದ್ಯುದಂಶದ ನ್ಯೂಕ್ಲಿಯಸ್‌ಗಳು ಒಂದನ್ನೊಂದು ದೂಡುತ್ತವೆ. ಅದನ್ನು ಮೀರುವ ಬಿಸಿ ಇನ್ನಿಲ್ಲ.

ಈ ಗುಂಪಿನಲ್ಲೊಬ್ಬ ಆಗಂತುಕ ಇದ್ದಾನೆಂದು ಇಟ್ಟುಕೊಳ್ಳಿ. ಪ್ರೋಟಾನಿಗಿಂತ ನೂರಾರು ಪಟ್ಟು ಭಾರದ, ಋಣ ವಿದ್ಯುದಂಶದ ಕಣ. ಯಾವ ಪ್ರಯೋಗಾಲಯದಲ್ಲೂ ಸಿಕ್ಕಿದ್ದಲ್ಲ. ಸೂಪರ್‌ಸಿಮ್ಮೆಟ್ರಿ ಸಿದ್ಧಾಂತದಲ್ಲಿ ಅಂಥದೊಂದಕ್ಕೆ ‘ಸ್ಟೌ’ ಎಂದು ಹೆಸರಿದೆ. ಒಲೆ ಆರಿದ ಮೇಲೂ ಅಂಥ ಕಣ ಬದುಕಿದ್ದರೆ ಏನಾದೀತೆಂದು 2006ರಲ್ಲಿ ಲೆಕ್ಕ ಹಾಕಿದವರು ಭೌತವಿಜ್ಞಾನಿ ಮ್ಯಾಕ್ಸಿಮ್ ಪೊಸ್ಪೆಲೊವ್.

ಮೂರು ಗಂಟೆ. ಕಾವು 10 ಕೋಟಿ ಡಿಗ್ರಿಯ ಆಸುಪಾಸು. ಅಗೋ, ಆಗಂತುಕ ಒಂದು ಹೀಲಿಯಂ ಅನ್ನು ಹಿಡಿದುಕೊಂಡ! ಎರಡು ಧನಕ್ಕೆ ಒಂದು ಋಣ ಸೇರಿತು. ಹೀಲಿಯಂನ ಅರ್ಧ ಗತ್ತು ಇಳಿಯಿತು. ಇಷ್ಟು ಹೊತ್ತು ಹತ್ತಿರ ಸುಳಿಯಲಾಗದ ಡ್ಯೂಟೀರಿಯಂ ಒಳಗೆ ನುಗ್ಗಿತು. ಲಿಥಿಯಂ-6 ಸಿದ್ಧ. ಎಂದಿನ ದಾರಿಯಲ್ಲಾದರೆ ಹೆಚ್ಚಿನ ಶಕ್ತಿ ಬೆಳಕಾಗಿ ಹೊರಬೀಳಬೇಕು, ಅದು ಬಲು ಅಪರೂಪ. ಇಲ್ಲಿ ಆಗಂತುಕನೇ ಅದನ್ನು ಹೊತ್ತು ಕಳಚಿಕೊಳ್ಳುತ್ತಾನೆ. ಈ ದಾರಿ ಲಕ್ಷಾಂತರ ಪಟ್ಟು ಸಲೀಸು. ಅವನೋ, ಆಗಲೇ ಇನ್ನೊಂದು ಹೀಲಿಯಂ ಕಡೆಗೆ ಹೊರಟಿದ್ದಾನೆ.

ಈಗ 1,300 ಕೋಟಿ ವರ್ಷ ದಾಟಿ ಬನ್ನಿ. ದೂರದರ್ಶಕದಲ್ಲೊಂದು ಮುದಿ ನಕ್ಷತ್ರ, ಆ ಮೊದಲ ಅಡುಗೆಯ ಗುರುತು ಉಳಿದಿರುವ ಪಾತ್ರೆ. ಅದರ ಬೆಳಕಿನ ಕೆಂಪು ಪಟ್ಟಿಯಲ್ಲಿ, 670.8 ನ್ಯಾನೋಮೀಟರ್ ಬಳಿ, ಲಿಥಿಯಂನ ತೆಳು ಕಪ್ಪು ಗೆರೆ. ಲಿಥಿಯಂ-7 ಲೆಕ್ಕದ ಮೂರನೇ ಒಂದು ಪಾಲಷ್ಟೇ ಇದೆ. ಆ ಒಗಟನ್ನು ಇನ್ನೂ ಯಾರೂ ಬಿಡಿಸಿಲ್ಲ. ಲಿಥಿಯಂ-6 ಹೇರಳವಾಗಿದ್ದರೆ ಗೆರೆ ಒಂದು ಕೂದಲೆಳೆ ಕೆಂಪಿನತ್ತ ವಾಲಬೇಕಿತ್ತು. ಹಾಗೆ ವಾಲಿಲ್ಲ. ಆಗಂತುಕರು ಗುಂಪಾಗಿ ಬಂದಿರಲಿಲ್ಲ, ಇಲ್ಲವೇ ಹೀಲಿಯಂ ಕೈಗೆ ಸಿಗುವ ಮುನ್ನವೇ ಅಳಿದುಹೋದರು. ತಣ್ಣಗಾದ ಒಲೆಯ ಮೇಲೆ ಯಾರೋ ಮತ್ತೆ ಬೇಯಿಸಿದ್ದರೆ ಪಾತ್ರೆಯ ತಳ ಹೇಳುತ್ತಿತ್ತು.