ಹಳೆಯ ಹೆರಾಲ್ಡ್ ಕಾರಿನ ಶಾಕ್ ಅಬ್ಸಾರ್ಬರ್

ಹಳೆಯ ಕಾರನ್ನು ನೋಡಲು ಬಂದವರು ಎಂಜಿನ್ನಿನ ಸದ್ದನ್ನು ಆಲಿಸುತ್ತಾರೆ, ಬಣ್ಣದ ಮೆರುಗನ್ನು ಮುಟ್ಟಿ ನೋಡುತ್ತಾರೆ. ಶಾಕ್ ಅಬ್ಸಾರ್ಬರ್‌ಗಳ ಸ್ಥಿತಿ ಹೇಗಿದೆಯೆಂದು ವಿಚಾರಿಸುವವರು ವಿರಳ. ಆ ಹೆಸರೇ ಜನರನ್ನು ದಾರಿ ತಪ್ಪಿಸಿದೆಯೆಂದು ನನಗೆ ತೋರುತ್ತದೆ. ರಸ್ತೆಯ ಹೊಡೆತವನ್ನು ಹೊರುವುದು ವಸ್ತುತಃ ಸ್ಪ್ರಿಂಗ್. ಅದು ಹೊಡೆತವನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ, ಆದರೆ ಇಟ್ಟುಕೊಳ್ಳುವುದಿಲ್ಲ, ಕೂಡಲೇ ಹಿಂದಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಕಾರು ತೊಟ್ಟಿಲಿನಂತೆ ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗಿನ ಎಣ್ಣೆಯನ್ನು ಅದು ಸಣ್ಣ ರಂಧ್ರಗಳ ಮೂಲಕ ನುಗ್ಗಿಸಿ, ಚಲನೆಯನ್ನು ಶಾಖವಾಗಿ ಮಾರ್ಪಡಿಸಿ ಗಾಳಿಗೆ ಬಿಟ್ಟುಬಿಡುತ್ತದೆ. ಅದು ಕೆಟ್ಟರೆ ಕುಳಿತವರ ಬೆನ್ನು ನೋಯುವುದು ಸಣ್ಣ ಮಾತು. ಚಕ್ರವು ನೆಲವನ್ನು ಬಿಟ್ಟು ಕುಪ್ಪಳಿಸುತ್ತದೆ. ನೆಲಕ್ಕೆ ತಾಗದ ಚಕ್ರಕ್ಕೆ ಬ್ರೇಕ್ ಹಾಕಿ ಫಲವಿಲ್ಲ.

ಈ ವಿಷಯವನ್ನು ಇಷ್ಟು ವಿಸ್ತಾರವಾಗಿ ಅರಿಯಬೇಕಾಗಿ ಬಂದುದು ಲೋಕಿಕೆರೆಯ ನಮ್ಮ ಹಿರಿಯರ ಮನೆಯ ಕೊಟ್ಟಿಗೆಯಲ್ಲಿ ನಿಂತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಿಂದ. ಅದು ನನ್ನ ದಿವಂಗತ ಅಣ್ಣನವರದು. ಎರಡು ಬಾಗಿಲಿನದು, 1965ರ ಮಾದರಿ. ಅವರ ಮಗ ಅದನ್ನು ಓಡುವ ಸ್ಥಿತಿಗೆ ತಂದನು. ಬೆಂಗಳೂರಿನ ತರುಣರೊಬ್ಬರು ಕೊಳ್ಳಲು ಮುಂದಾದರು. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ತಾವೇ ನಡೆಸಿಕೊಂಡು ಹೋಗುವೆನೆಂದರು. ಪತ್ನಿಯೂ ಮಗುವೂ ಜೊತೆಗಿರುತ್ತಾರೆಂದೂ ಹೇಳಿದರು. ಕಾರಿನ ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳು ಸತ್ತಿದ್ದವು. ಅದು ನಮಗೆ ತಿಳಿದಿತ್ತು, ಅವರಿಗೆ ತಿಳಿದಿರಲಿಲ್ಲ.

ಹೆರಾಲ್ಡ್ ಸಾಮಾನ್ಯ ಕುಟುಂಬದ ಕಾರಾದರೂ ಅದರ ವಂಶ ಸ್ವಾರಸ್ಯಕರವಾದುದು. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಈ ಕಾರು ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ 1959ರಲ್ಲಿ ಹೊರಬಂತು. 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿಯವರು 948 ಸಿ.ಸಿ. ಎಂಜಿನ್ನಿನೊಡನೆ ಅದನ್ನು ತಯಾರಿಸಿದರು. ಇದೇ ಅಡಿಗಟ್ಟಿನ ಆಧಾರದ ಮೇಲೆ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರು ಹುಟ್ಟಿತು. ಆದುದರಿಂದ ಸ್ಪಿಟ್‌ಫೈರಿನ ಗುಣವೂ ದೋಷವೂ ನಮ್ಮ ಕೊಟ್ಟಿಗೆಯ ಕಾರಿನಲ್ಲಿದ್ದವು.

ದೋಷವಿರುವುದು ಹಿಂಭಾಗದಲ್ಲಿ. ಅಲ್ಲಿ ಒಂದೇ ಅಡ್ಡ ಕಮಾನು ಪಟ್ಟಿಯ ಸ್ಪ್ರಿಂಗ್ ಇದ್ದು, ಎಡಬಲದ ಅಚ್ಚುಗಳು ನಡುವಿನ ಡಿಫರೆನ್ಷಿಯಲ್ಲಿನಿಂದ ಪಕ್ಷಿಯ ರೆಕ್ಕೆಗಳಂತೆ ಬೇರೆಬೇರೆಯಾಗಿ ಆಡುತ್ತವೆ. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದಕ್ಕೆ ಅದರ ಬಾಧೆಯಿಲ್ಲ. ಆದರೆ ವೇಗದಲ್ಲಿ ತಿರುವಿಗೆ ಹೋಗಿ ನಡುವೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಿಚಿಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ. ತಯಾರಕರೇ ಇದನ್ನರಿತು 1970ರ ಕೊನೆಯಲ್ಲಿ ಬಂದ ಸ್ಪಿಟ್‌ಫೈರ್ ನಾಲ್ಕನೆಯ ಮಾದರಿಯಲ್ಲಿ ಆ ಸ್ಪ್ರಿಂಗಿನ ಕಟ್ಟನ್ನು ಬದಲಿಸಿದರು. ನಮ್ಮ ಕಾರು ಅದಕ್ಕೆ ಮೊದಲಿನದು. ಹೀಗೆ ಮೇಲೇಳುವ ಹಿಂಭಾಗವನ್ನು ನಿಧಾನಗೊಳಿಸುವ ಭಾರವೆಲ್ಲ ಸತ್ತುಹೋದ ಆ ಎರಡು ಕೊಳವೆಗಳ ಮೇಲಿತ್ತು.

ಮೊದಲ ಉಪಾಯವನ್ನು ಹೇಳಿದವರು ದಾವಣಗೆರೆಯ ಹಿರಿಯ ಮೇಸ್ತ್ರಿಯೊಬ್ಬರು. "ಸಾವ್ಕಾರ್ರೆ, ಹಳೇದನ್ನೇ ಬಿಚ್ಚಿ ದಪ್ಪ ಎಣ್ಣೆ ಹಾಕಿ ಬೆಸುಗೆ ಹಚ್ಚಿದ್ರೆ ಎರಡು ತಿಂಗಳು ಯಾರಿಗೂ ಗೊತ್ತಾಗಂಗಿಲ್ಲ. ಅಷ್ಟರಾಗೆ ಗಾಡಿ ಬೆಂಗ್ಳೂರಾಗಿರ್ತತಿ," ಎಂದರು. ಅವರಲ್ಲಿ ಕಪಟವಿರಲಿಲ್ಲ, ನಮ್ಮ ಹಣ ಉಳಿಸಲು ಹೇಳಿದ ಮಾತು ಅದು. ಎಣ್ಣೆ ದಪ್ಪವಾಗಿದ್ದರೆ ಕಾರಿನ ಮೂಲೆಯನ್ನು ಒತ್ತಿ ಬಿಟ್ಟಾಗ ಅದು ಒಂದೇ ಸಲಕ್ಕೆ ನಿಲ್ಲುತ್ತದೆ, ಕೊಳ್ಳುವವರು ತೃಪ್ತರಾಗುತ್ತಾರೆ. ಆದರೆ ಹೆದ್ದಾರಿಯಲ್ಲಿ ಆ ಎಣ್ಣೆ ಕಾದು ತೆಳುವಾದ ಮೇಲೆ, ಸವೆದ ಕವಾಟಗಳ ಸಂದಿನಿಂದ ಸೋರಿ, ಕಾರು ಮೊದಲಿನಂತೆಯೇ ಆಗುತ್ತದೆ. ಅದು ರಿಪೇರಿಯಲ್ಲ, ಪರೀಕ್ಷೆಯನ್ನು ವಂಚಿಸುವ ಸಾಧನ.

ಎರಡನೆಯದು ಪೇಟೆಯ ದಾರಿ. ಊರು ಹೇಳುವುದು ಬೇಡ. ಒಂದು ಅಂಗಡಿಯಲ್ಲಿ ಪ್ರಸಿದ್ಧ ಕಂಪನಿಯ ಪೆಟ್ಟಿಗೆಯೊಳಗೆ ಅದೇ ಅಳತೆಯ ಜೋಡಿ ದೊರೆಯಿತು. ಪೆಟ್ಟಿಗೆಯ ಮುದ್ರಣ ಮಸುಕು, ಕೊಳವೆಯ ಮೇಲೆ ತಯಾರಿಕೆಯ ಗುರುತಿಲ್ಲ, ದಂಡವನ್ನು ಕೈಯಿಂದ ಎಳೆದರೆ ನಡುವೆ ಒಂದಂಗುಲದಷ್ಟು ದೂರ ತಡೆಯೇ ಇಲ್ಲ. ನಾಲ್ಕು ದಶಕ ವ್ಯಾಪಾರ ಮಾಡಿದವನಿಗೆ ಇಷ್ಟು ಸಾಕು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಉಮಾಸ್ವಾಮಿಗಳು ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದ್ದಾರೆ: ಶ್ರೇಷ್ಠ ವಸ್ತುವಿನ ರೂಪದಲ್ಲಿ ಹೀನ ವಸ್ತುವನ್ನು ಮಾರುವುದು. ತುಪ್ಪದಲ್ಲಿ ಕಲಬೆರಕೆ ಎಂದು ನಾವು ಅದನ್ನು ಮಕ್ಕಳಿಗೆ ಪಾಠ ಹೇಳುತ್ತೇವೆ. ತುಪ್ಪದ ಕಲಬೆರಕೆಯನ್ನು ನಾಲಿಗೆಯಾದರೂ ಹೇಳೀತು, ಕಾರಿನ ತಳದಲ್ಲಿ ಬಿಗಿದ ಕೊಳವೆಯನ್ನು ಯಾರು ಬಿಚ್ಚಿ ನೋಡುತ್ತಾರೆ?

ಮೂರನೆಯದು ಅಣ್ಣನ ಮಗನ ಆಸೆ. "ಚಿಕ್ಕಪ್ಪಾ, ಹೇಗೂ ಹೊಸದು ತರಿಸುವುದಾದರೆ ಗ್ಯಾಸ್ ತುಂಬಿದ್ದನ್ನೇ ತರಿಸೋಣ, ರೇಸ್ ಗಾಡಿಗೆ ಹಾಕುವಂಥದ್ದು," ಎಂದನು. ಎಂಜಿನಿಯರಿಂಗ್ ಓದಿದ ಹುಡುಗ, ಅವನ ಮಾತಿನಲ್ಲಿ ಹುರುಳಿತ್ತು. ಎಣ್ಣೆಯೂ ಗಾಳಿಯೂ ಬೆರೆತು ನೊರೆಯಾದರೆ ತಡೆಯುವ ಶಕ್ತಿ ಕುಗ್ಗುತ್ತದೆ. ಒತ್ತಡದ ನೈಟ್ರೋಜನ್ ತುಂಬಿದ ಬಗೆಯಲ್ಲಿ ನೊರೆ ಸುಲಭವಾಗಿ ಏಳದು. ಆದರೆ ಆ ಒತ್ತಡವೇ ದಂಡವನ್ನು ಸದಾ ಹೊರಕ್ಕೆ ತಳ್ಳುವುದರಿಂದ ಕಾರಿನ ಹಿಂಭಾಗ ಸ್ವಲ್ಪ ಮೇಲೇಳುತ್ತದೆ. ಹೆರಾಲ್ಡಿನ ರೋಗವೇ ಹಿಂಭಾಗ ಮೇಲೇಳುವುದು! ಇದಲ್ಲದೆ ಅತಿ ಬಿಗಿಯಾದ ಶಾಕ್ ಅಬ್ಸಾರ್ಬರ್ ನಮ್ಮ ಹಂಪುಗಳ ಹೊಡೆತವನ್ನು ನೇರವಾಗಿ ಅಡಿಗಟ್ಟಿಗೆ ಸಾಗಿಸುತ್ತದೆ. ಅರ್ಧ ಶತಮಾನ ಮೀರಿ ತುಕ್ಕು ಕಂಡ ಬ್ರಾಕೆಟ್ಟು ಅಲ್ಲಿ ಬಿರುಕುಬಿಟ್ಟರೆ ಆಶ್ಚರ್ಯವಿಲ್ಲ. ನುಣುಪಾದ ರೇಸ್ ಪಥಕ್ಕೆ ಅದು ಯೋಗ್ಯವಾಗಬಹುದು, ಭತ್ತದ ಟ್ರ್ಯಾಕ್ಟರುಗಳು ಉಬ್ಬುತಗ್ಗು ಮಾಡಿದ ಲೋಕಿಕೆರೆ ರಸ್ತೆಗೆ ಅಲ್ಲ.

ಕಾನೂನಿನ ಮಾತೊಂದು ಇಲ್ಲಿ ಬರುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದಿತು. ವಾಹನ ಮೂಲರೂಪದಲ್ಲಿರಬೇಕು, ಅಡಿಗಟ್ಟು, ಹೊರಮೈ, ಎಂಜಿನ್ನುಗಳಲ್ಲಿ ಮಾರ್ಪಾಡು ಕೂಡದು. ಶಾಕ್ ಅಬ್ಸಾರ್ಬರ್ ಬದಲಿಸುವುದು ಮಾರ್ಪಾಡಲ್ಲ, ಅದನ್ನು ಕೂರಿಸಲು ಅಡಿಗಟ್ಟಿಗೆ ಹೊಸ ಬ್ರಾಕೆಟ್ಟು ಬೆಸೆಯುವುದು ಬೇರೆ ಮಾತು. ಹೆರಾಲ್ಡಿಗೆ ಈ ಚಿಂತೆ ಇರಲಿಲ್ಲ, ಏಕೆಂದರೆ ಅದರಲ್ಲಿ ಮೊದಲಿನಿಂದಲೂ ಕೊಳವೆಯಾಕಾರದವೇ ಇವೆ. 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರನ್ನು ಇಟ್ಟುಕೊಂಡವರ ಕಷ್ಟ ನಿಜಕ್ಕೂ ದೊಡ್ಡದು. ಅದರಲ್ಲಿರುವುದು ಸನ್ನೆಗೋಲಿನಂತಹ ತೋಳುಳ್ಳ ಆರ್ಮ್‌ಸ್ಟ್ರಾಂಗ್ ಬಗೆ. ಮುಂಭಾಗದಲ್ಲಿ ಆ ತೋಳೇ ಚಕ್ರವನ್ನು ಹಿಡಿದಿಡುವ ಮೇಲಿನ ಕೊಂಡಿ. ಅದನ್ನು ತೆಗೆದೊಗೆದು ಹೊಸ ಬಗೆ ಕೂರಿಸಿಬಿಡೋಣವೆಂದರೆ ಚಕ್ರವೇ ನಿಲ್ಲದು.

ಇಷ್ಟೊಂದು ತಲೆಬಿಸಿ ಏಕೆ, ಪ್ರದರ್ಶನಕ್ಕೆ ಇಟ್ಟುಬಿಡಿ ಎಂದವರೂ ಉಂಟು. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ನಮ್ಮ ಸಮಾಜದ ಹೆಚ್ಚಿನವರು ನೋಡಿಯೇ ಇರುತ್ತಾರೆ. ಅಲ್ಲಿ ನಿಂತ ವಾಹನ ಇತಿಹಾಸ ಹೇಳುತ್ತದೆ, ಯಾರಿಗೂ ಅಪಾಯ ತರುವುದಿಲ್ಲ. ಓಡುವ ವಾಹನಕ್ಕೆ ಆ ರಿಯಾಯಿತಿ ಇಲ್ಲ. ಎದುರಿಗೆ ಬರುವ ಸೈಕಲ್ಲಿನವನು ನಮ್ಮ ಕಾರಿನ ವಯಸ್ಸನ್ನು ಮೆಚ್ಚಿಕೊಂಡು ರಸ್ತೆಗಿಳಿದವನಲ್ಲ.

ಕೊನೆಗೆ ಇಂಗ್ಲೆಂಡಿನಿಂದ ಮೂಲ ಅಳತೆಯ, ಗ್ಯಾಸಿಲ್ಲದ ಸಾಧಾರಣ ಎಣ್ಣೆಯ ಜೋಡಿಯನ್ನೇ ತರಿಸಿದೆವು. ಹೆರಾಲ್ಡ್, ಸ್ಪಿಟ್‌ಫೈರುಗಳ ಅಭಿಮಾನಿಗಳು ಅಲ್ಲಿ ಇಂದಿಗೂ ಬಹಳವಿರುವುದರಿಂದ ಬಿಡಿಭಾಗಗಳಿಗೆ ಕೊರತೆಯಿಲ್ಲ. ಬೆಲೆಯ ಮೇಲೆ ಸುಂಕ, ಸುಂಕದ ಮೇಲೆ ಸಾಗಣೆ: ವಾಣಿಜ್ಯ ಪದವೀಧರನ ಲೆಕ್ಕದಲ್ಲಿ ಇದು ನಷ್ಟದ ಬಾಬ್ತು. ಆ ಖರ್ಚನ್ನು ಕಾರಿನ ಬೆಲೆಗೆ ಸೇರಿಸಬಹುದೇ ಎಂದು ಹುಡುಗ ಕೇಳಿದನು. ಒಳ್ಳೆಯ ಸ್ಥಿತಿಯ ಕಾರೆಂದೇ ಬೆಲೆ ಹೇಳಿ ಒಪ್ಪಿಯಾಗಿತ್ತು. ಒಳ್ಳೆಯ ಸ್ಥಿತಿಗೆ ತರುವ ಖರ್ಚು ಮಾರುವವನದು ಎಂದೆನು. ಅವನಿಗೆ ಅದು ಪೂರ್ತಿ ಹಿಡಿಸಲಿಲ್ಲ.

ಹಳೆಯ ಬೋಲ್ಟುಗಳ ತೋಳು ಸವೆದಿದ್ದರಿಂದ ಹರಿಹರಕ್ಕೆ ಹೋದೆವು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದರೂ ಅಲ್ಲಿ ಕಲಿತ ಲೇತ್ ಕೆಲಸದ ಕೈಗಳು ಊರಿನಲ್ಲಿ ಉಳಿದಿವೆ. ಅಂಥ ಒಬ್ಬರು ಎರಡು ಉಕ್ಕಿನ ಬುಶ್ಶುಗಳನ್ನು ಕಡೆದು ಕೊಟ್ಟರು. ಕೂರಿಸುವ ಮೊದಲು ಜೋಡಿಯನ್ನು ನೆಟ್ಟಗೆ ನಿಲ್ಲಿಸಿ ದಂಡವನ್ನು ಹಲವು ಸಲ ಪೂರ್ತಿ ಎಳೆದು ಒತ್ತಿ, ಸಾಗಣೆಯಲ್ಲಿ ಒಳಸೇರಿದ ಗಾಳಿಯನ್ನು ಹೊರಡಿಸಬೇಕು. ರಬ್ಬರಿನ ಕಣ್ಣುಗಳ ಬೋಲ್ಟನ್ನು ಕಾರು ನೆಲದ ಮೇಲೆ ನಿಂತ ಮೇಲೆಯೇ ಕೊನೆಯದಾಗಿ ಬಿಗಿಯಬೇಕು, ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಇದನ್ನೆಲ್ಲ ಮಾಡಿದವರು ದಪ್ಪ ಎಣ್ಣೆಯ ಸಲಹೆ ಕೊಟ್ಟ ಅದೇ ಮೇಸ್ತ್ರಿ, ಬಹು ಶ್ರದ್ಧೆಯಿಂದ.

ಕೊಳ್ಳುವವರು ಬಂದಾಗ ಹಳೆಯ ಜೋಡಿಯನ್ನೂ ಖರೀದಿಯ ರಸೀದಿಯನ್ನೂ ಅವರ ಮುಂದಿಟ್ಟೆವು. ಮುಂದಿನ ಜೋಡಿ ಸದ್ಯಕ್ಕೆ ಗಟ್ಟಿಯಿದೆ, ಆದರೆ ಹಳೆಯದು. ಅದನ್ನು ಸುರುಳಿ ಸ್ಪ್ರಿಂಗ್ ಸುತ್ತುವರಿದಿರುವುದರಿಂದ ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವಿಲ್ಲದೆ ಯಾರೂ ಬಿಚ್ಚಕೂಡದು ಎಂದು ಒಂದು ಹಾಳೆಯಲ್ಲಿ ಬರೆದು ಕಾಗದಪತ್ರಗಳೊಡನೆ ಸೇರಿಸಿದೆನು. ಅವರು ಅದನ್ನೋದಿ, ಮುಂದಿನದನ್ನು ಬೆಂಗಳೂರಿನಲ್ಲಿ ತಾವೇ ಬದಲಿಸಿಕೊಳ್ಳುವುದಾಗಿ ಹೇಳಿ, ಬೆಳಗಿನ ತಂಪಿನಲ್ಲಿಯೇ ಹೊರಟರು.