ಅಕ್ಕನಿಗೆ ಕೊಟ್ಟ ಮೈಲಿಗಳು

ಹಂಗಳದಲ್ಲಿರುವ ನಮ್ಮಕ್ಕನಿಗೆ ಕಾಶಿ ನೋಡುವ ಆಸೆ ಬಹಳ ಕಾಲದ್ದು. ಮೈಸೂರಿನಿಂದ ರೈಲೇನೋ ಉಂಟು. ಆದರೆ ಮಂಡಿನೋವಿನವಳು ಅಷ್ಟು ಹೊತ್ತು ಕುಳಿತಿರಲಾರಳು. ಇತ್ತ ನನ್ನ ಲೆಕ್ಕದಲ್ಲಿ ವಿಮಾನದ ಮೈಲಿಗಳು ಸುಮ್ಮನೆ ಬಿದ್ದಿದ್ದವು. ನಾವು ಹಾರಿದ್ದನ್ನು ಕಂಪನಿ ಬರೆದಿಟ್ಟುಕೊಂಡು ಮುಂದೆಂದೋ ಟಿಕೆಟ್ಟಿನ ರೂಪದಲ್ಲಿ ತೀರಿಸುವ ಈ ಪದ್ಧತಿ, ೧೯೮೧ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕೈಹಾಕಿದ ಮೇಲೆ ಲೋಕಕ್ಕೆಲ್ಲ ಹಬ್ಬಿತು. ಹನ್ನೆರಡು ಸಾವಿರ ಮೈಲಿ ಕೊಟ್ಟು, ತೆರಿಗೆಯೆಂದು ೨,೨೦೦ ರೂಪಾಯಿ ಕಟ್ಟಿ, ಬೆಂಗಳೂರಿನಿಂದ ಹೋಗಿ ಬರುವ ಟಿಕೆಟ್ ತೆಗೆದೆ.

"ಎಷ್ಟಾಯ್ತು ಹೇಳು," ಎಂದಳು ಅಕ್ಕ. "ಕಂಡೋರ ದುಡ್ಡಲ್ಲಿ ಕಾಶಿಗೋದ್ರೆ ಪುಣ್ಯ ಕಂಡೋರ್ಗೇ ಕನಪ್ಪ."

ನಾನು ಕಂಡವನಾದೆನೆ! ಆದರೂ ಲೆಕ್ಕ ಹೇಳಲೇಬೇಕು. ಕಡಿಮೆ ಹೇಳಿದರೆ ಅವಳ ಪುಣ್ಯಕ್ಕೆ ಕತ್ತರಿ. ಹೆಚ್ಚು ಹೇಳಿದರೆ ಅರಿಸಿನ ಮಾರಿದ ಹಣಕ್ಕೆ.

ಅದೇ ಟಿಕೆಟ್ಟಿಗೆ ನಗದಾದರೆ ೧೩,೦೦೦. ತೆರಿಗೆ ಕಳೆದು ಭಾಗಿಸಿದರೆ ಮೈಲಿಗೆ ತೊಂಬತ್ತು ಪೈಸೆ. ಆದರೆ ಅಷ್ಟು ನಗದು ಸುರಿದು ಅವಳೂ ಹೋಗುತ್ತಿರಲಿಲ್ಲ, ನಾನೂ ಕಳಿಸುತ್ತಿರಲಿಲ್ಲ. ಅಲ್ಲದೆ ನಗದಿನಿಂದ ಗೊಬ್ಬರವನ್ನೂ ಕೊಳ್ಳಬಹುದು. ಮೈಲಿಯಿಂದ, ಅದೂ ಕಂಪನಿ ಬಿಟ್ಟುಕೊಟ್ಟ ದಿನ, ಒಂದು ಕುರ್ಚಿ ಸಿಕ್ಕರೆ ಹೆಚ್ಚು. ನಾಳೆ ಅದೇ ಕುರ್ಚಿಗೆ ಇಪ್ಪತ್ತು ಸಾವಿರ ಮೈಲಿ ಎಂದರೂ ಕೇಳುವವರಿಲ್ಲ. ೨೦೧೨ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನಗಳು ನಿಂತಾಗ, ಅದರ ಮೈಲಿ ಕೂಡಿಟ್ಟವರಿಗೆ ಹಾರಲು ವಿಮಾನವೇ ಇಲ್ಲವಾಯಿತು.

ಇಷ್ಟೆಲ್ಲ ಕೇಳಿ ಅಕ್ಕ, "ಮುಯ್ಯಾಳು ಇದ್ದಂಗೆ ಅನ್ನು," ಎಂದಳು. "ನಮ್ಮೊಲಕ್ಕೆ ಅವ್ರು ಬಂದ್ರೆ, ಅವ್ರೊಲಕ್ಕೆ ನಾವು ಹೋಗಿ ತೀರುಸ್ತೀವಿ. ಕೂಲಿ ಲೆಕ್ಕ ಯಾರೂ ಹಾಕಲ್ಲ. ಆದ್ರೆ ಅವ್ರು ಊರು ಬುಟ್ಟೋದ್ರೆ ನಮ್ ದುಡ್ಮೆ ಮುಳುಗ್ತು."

ನಾನು ಅರ್ಧ ಪುಟ ಗೀಚಿ ತಿಳಿದದ್ದು ಅಷ್ಟೆ. ಮುಳುಗುವ ಭಯಕ್ಕೂ ಕಟ್ಟುಪಾಡಿಗೂ ಸೇರಿಸಿ ಮೂರನೆಯ ಒಂದು ಪಾಲು ಕಳೆದೆ. ಇದು ಅಂದಾಜೇ ಹೊರತು ಗಣಿತವಲ್ಲ. ಅರವತ್ತು ಪೈಸೆಯಂತೆ ೭,೨೦೦. ತೆರಿಗೆ ಸೇರಿ ೯,೪೦೦.

"ಆ ಮೈಲಿಗೆ ನೀನು ಕಾಸು ಕೊಟ್ಟಿದ್ಯಾ?"

"ಇಲ್ಲ. ಆಫೀಸಿನವರ ಖರ್ಚಿನಲ್ಲಿ ಓಡಾಡಿದ್ದು."

"ಅಂಗಾರೆ ಪುಣ್ಯ ನಿಮ್ಮಾಫೀಸ್ಗಾ?"

ಇದಕ್ಕೆ ಉತ್ತರ ತೋಚಲಿಲ್ಲ. ಅವಳು ನಕ್ಕು, ಪೆಟ್ಟಿಗೆಯಿಂದ ಹತ್ತು ಸಾವಿರ ಎಣಿಸಿ ಕೊಟ್ಟಳು. ಹಿಂದಿರುಗಿಸಲು ನನ್ನಲ್ಲಿ ಚಿಲ್ಲರೆಯಿರಲಿಲ್ಲ. ಅವಳು ಕಾಶಿಯಿಂದ ಬಂದು, ಗಂಗೆಯ ಗಿಂಡಿ ನಮ್ಮ ಮನೆಗೂ ತಲುಪಿ ತಿಂಗಳಾಯಿತು. ಆ ಆರುನೂರನ್ನು ಅವಳು ಕೇಳಿಲ್ಲ, ನಾನೂ ಕೊಟ್ಟಿಲ್ಲ.